ತಿದ್ದುವವನ ಋಣ

ನನ್ನ ಮೊದಲ ಉಸ್ತಾದರು ನನಗೆ ಒಂದು ದಿನವೂ 'ಶಾಬಾಸ್' ಎಂದವರಲ್ಲ. ಒಂದು ದಿನವೂ 'ಗಧಾ' ಎಂದವರೂ ಅಲ್ಲ. ಅವರು ಚುಕ್ಕೆ ಇಡುತ್ತಿದ್ದರು.

ವಡಗೇರಾ ಈಗ ಯಾದಗಿರಿ ಜಿಲ್ಲೆಯ ಒಂದು ತಾಲೂಕು ಕೇಂದ್ರ. ನಾನು ಚಿಕ್ಕವನಿದ್ದಾಗ ಅದು ಗುಲ್ಬರ್ಗಾ ಜಿಲ್ಲೆ ಶಹಾಪುರ ತಾಲೂಕಿನ ಒಂದು ದೊಡ್ಡ ಹಳ್ಳಿ. ಅಲ್ಲಿ ನಮಗೆ ಉರ್ದು ಅಕ್ಷರ ಕಲಿಸಿದ ಆ ಹಿರಿಯರು ಹೊಟ್ಟೆಪಾಡಿಗೆ ಮದುವೆಯ ರುಕ್ಕಾ ಬರೆಯುತ್ತಿದ್ದರು. ಮರದ ತಖ್ತಿಯ ಮೇಲೆ ನಾನು ಒಂದು ಅಲಿಫ್ ಬರೆದು ಒಯ್ದರೆ ಅವರು ಅದನ್ನು ಅಳಿಸುತ್ತಿರಲಿಲ್ಲ. ಅದರ ಪಕ್ಕದಲ್ಲಿ ತಮ್ಮ ಕಲಮಿನ ಮೊನೆ ಊರಿ ಒಂದರ ಮೇಲೊಂದು ಮೂರು ನುಕ್ತೆ ಇಡುತ್ತಿದ್ದರು. ನಸ್ತಾಲೀಖ್ ಬರವಣಿಗೆಯಲ್ಲಿ ಅಲಿಫ್‌ನ ಎತ್ತರ ಮೂರು ನುಕ್ತೆ. ನನ್ನ ಅಲಿಫ್ ನಾಲ್ಕು ನುಕ್ತೆಯಷ್ಟು ಬೆಳೆದಿರುತ್ತಿತ್ತು, ಇಲ್ಲವೇ ಎರಡಕ್ಕೇ ಕುಗ್ಗಿರುತ್ತಿತ್ತು. ಅವರು ಏನೂ ಹೇಳುವ ಮೊದಲೇ ನನಗೆ ಕಾಣುತ್ತಿತ್ತು. ಆಮೇಲೆ ಅದರ ಕೆಳಗೆ ತಾವೊಂದು ಅಲಿಫ್ ಬರೆದು, "ಫಿರ್ ಲಿಖೋ" ಎಂದು ತಖ್ತಿ ವಾಪಸು ಕೊಡುತ್ತಿದ್ದರು.

ಅಕ್ಷರವನ್ನು ಚುಕ್ಕೆಯಿಂದ ಅಳೆಯುವ ಈ ಪದ್ಧತಿಯ ಹಿಂದೆ ಸಾವಿರ ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆಯೆಂದು ಎಷ್ಟೋ ವರ್ಷಗಳ ನಂತರ ಓದಿ ತಿಳಿದೆ. ಬಗ್ದಾದಿನಲ್ಲಿ ಮಂತ್ರಿಯಾಗಿದ್ದು 940ರಲ್ಲಿ ತೀರಿಕೊಂಡ ಇಬ್ನ್ ಮುಖ್ಲಾ ಎಂಬ ಲಿಪಿಕಾರನ ಹೆಸರಿಗೆ ಅದನ್ನು ಸೇರಿಸುತ್ತಾರೆ. ಕಲಮಿನ ಮೊನೆಯಿಂದ ಬಿದ್ದ ಚುಕ್ಕೆಯೇ ಅಳತೆಗೋಲು. ದಪ್ಪ ಕಲಮಿಗೆ ದಪ್ಪ ಚುಕ್ಕೆ, ಸಣ್ಣ ಕಲಮಿಗೆ ಸಣ್ಣ ಚುಕ್ಕೆ. ಅಂದರೆ ಅಳತೆಯನ್ನು ಹೊರಗಿನಿಂದ ತರಬೇಕಾಗಿಲ್ಲ, ಬರೆಯುವವನ ಕೈಯಲ್ಲಿರುವ ಕಲಮೇ ಅದನ್ನು ಕೊಡುತ್ತದೆ.

ನಾನೀಗ ಹೊಟ್ಟೆಪಾಡಿಗೆ ಮಾಸ್ತರಿಕೆ ಮಾಡುವವನು. ಬಿಡುವಾದಾಗ ಕಥೆ ಬರೆಯುತ್ತೇನೆ. ಹಗಲೆಲ್ಲ ಇನ್ನೊಬ್ಬರು ಬರೆದದ್ದನ್ನು ತಿದ್ದುತ್ತೇನೆ, ರಾತ್ರಿ ನಾನು ಬರೆದದ್ದನ್ನು ಯಾರಾದರೂ ತಿದ್ದಲಿ ಎಂದು ಕಾಯುತ್ತೇನೆ. ಎರಡೂ ದಂಡೆಯಲ್ಲಿ ನಿಂತು ನೋಡಿದವನಾದ್ದರಿಂದ ಒಂದು ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಇನ್ನೊಬ್ಬರ ಕೆಲಸದಲ್ಲಿ ತಪ್ಪು ತೋರಿಸುವ ಅಧಿಕಾರ ನಮಗೆ ಎಲ್ಲಿಂದ ಬರುತ್ತದೆ? ತೋರಿಸಿದ ಮೇಲೆ ಆ ಮನುಷ್ಯನಿಗೆ ನಾವು ಏನಾದರೂ ಕೊಡಬೇಕಾದ್ದು ಉಳಿಯುತ್ತದೆಯೇ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದ್ದಲ್ಲ, ಒಬ್ಬ ಹುಡುಗನಿಂದ ಹುಟ್ಟಿದ್ದು.

ಹದಿನೈದು ವರ್ಷಗಳ ಹಿಂದಿನ ಮಾತು. ಆಗ ನಾನಿದ್ದ ಹಳ್ಳಿಯ ಶಾಲೆಯಲ್ಲಿ ಎಂಟನೇ ತರಗತಿಗೆ 'ನಮ್ಮ ಊರು' ಎಂಬ ಪ್ರಬಂಧ ಬರೆಯಲು ಹೇಳಿದ್ದೆ. ಎಲ್ಲರೂ ಊರಿನ ಗುಡಿ, ದರ್ಗಾ, ಕೆರೆ, ಪಂಚಾಯ್ತಿ ಆಫೀಸು ಎಂದು ಬರೆದರು. ಈ ಹುಡುಗ ಮಾತ್ರ ಬೆಂಗಳೂರಿನ ಬಗ್ಗೆ ಬರೆದಿದ್ದ. ಅವನ ಅಪ್ಪ ಅವ್ವ ಪ್ರತಿ ವರ್ಷ ಗುಳೆ ಹೋಗುವವರು. ಒಂದು ದೊಡ್ಡ ಕಟ್ಟಡ ಏಳುವ ತನಕ ಅವರೆಲ್ಲ ಅದರ ಮೂರನೇ ಅಂತಸ್ತಿನಲ್ಲಿ ಬಾಗಿಲಿಲ್ಲದ ಒಂದು ಕೋಣೆಯಲ್ಲಿ ಇದ್ದರಂತೆ. ಕೊನೆಯ ಸಾಲು ನನಗೆ ಇವತ್ತಿಗೂ ನೆನಪಿದೆ: "ಬಾಗಲಾ ಕುಂದ್ರಿಸಿದ ದಿನಾ ನಾವು ಹೊರಗ ಬಂದೀವಿ."

ನಾನು ಆ ಸಾಲಿಗೆ ಮೂರು ಕೆಂಪು ಸುತ್ತು ಹಾಕಿದ್ದೆ. 'ಬಾಗಿಲು', 'ಕೂರಿಸಿದ ದಿನ', 'ಬಂದೆವು' ಎಂದು ಮೇಲೆ ಬರೆದಿದ್ದೆ. ಇಡೀ ಪುಟದಲ್ಲಿ ಇಪ್ಪತ್ಮೂರು ಸುತ್ತು. ಕೆಳಗೆ ಷರಾ: 'ವಿಷಯ ಬಿಟ್ಟು ಬರೆದಿದೆ. ಗಮನವಿಲ್ಲ.'

ಹುಡುಗ ನೋಟ್‌ಬುಕ್ ಹಿಡಿದುಕೊಂಡು ಮೇಜಿನ ಹತ್ತಿರ ಬಂದು ನಿಂತ. "ಸರ್, ಓದೀರೇನ್ರಿ?"

"ಓದೀನಲ್ಲೋ. ಇಪ್ಪತ್ಮೂರು ತಪ್ಪು ತಗದೀನಿ ನೋಡು."

"ತಪ್ಪಲ್ರಿ ಸರ್. ನಾ ಬರ್ದದ್ದು."

ನನಗೆ ಅವನ ಮಾತು ಆ ಗಳಿಗೆಯಲ್ಲಿ ತಿಳಿಯಲಿಲ್ಲ. "ಹೋಗು, ಎಲ್ಲಾ ಹತ್ತತ್ತು ಸಲ ಬರ್ಕೊಂಡು ಬಾ" ಎಂದೆ. ಅವನು ಬರೆದುಕೊಂಡೂ ಬಂದ. ಆದರೆ ಆಮೇಲೆ ಯಾವ ಪ್ರಬಂಧ ಕೊಟ್ಟರೂ ಗೈಡಿನಿಂದ ನಕಲು ಮಾಡಿ ತರತೊಡಗಿದ. ತಪ್ಪು ಕಡಿಮೆಯಾದವು. ನಾನು 'ಸುಧಾರಣೆ ಇದೆ' ಎಂದು ಬರೆದೆ. ದಸರೆ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಗುಳೆ ಹೋದರು ಎಂದರು. ನನ್ನ ಕೆಂಪು ಮಸಿಯಿಂದ ಅವನು ಶಾಲೆ ಬಿಟ್ಟ ಎಂದು ಹೇಳಿ ನನ್ನನ್ನು ನಾನು ದೊಡ್ಡವನಾಗಿ ಮಾಡಿಕೊಳ್ಳಲಾರೆ. ಹಸಿವು ನನ್ನ ಪೆನ್ನಿಗಿಂತ ದೊಡ್ಡದು. ಆದರೆ ಅವನು ಶಾಲೆಯಲ್ಲಿ ತನ್ನ ಸ್ವಂತ ಮಾತಿನಲ್ಲಿ ಬರೆದ ಕಡೆಯ ಬರಹಕ್ಕೆ ನಾನು ಕೊಟ್ಟ ಉತ್ತರ ಇಪ್ಪತ್ಮೂರು ಸುತ್ತು. ಇಷ್ಟಂತೂ ನಿಜ.

ಅವತ್ತು ನಾನು ಹಾಕಿದ ಸುತ್ತುಗಳೆಲ್ಲ ವ್ಯಾಕರಣದ ಪ್ರಕಾರ ಸರಿಯೇ ಇದ್ದವು. ಹಾಗಾದರೆ ಉಸ್ತಾದರ ಚುಕ್ಕೆಗೂ ನನ್ನ ಸುತ್ತಿಗೂ ಏನು ವ್ಯತ್ಯಾಸ? ಇದನ್ನು ಯೋಚಿಸುತ್ತ ಯೋಚಿಸುತ್ತ ನಾನು ನನಗೆ ಗೊತ್ತಿರುವ ಎರಡು ಭಾಷೆಗಳ ಪದಗಳನ್ನೇ ಕೆದಕಿದೆ.

ಕನ್ನಡದ 'ತಿದ್ದು' ಎಂಬ ಪದಕ್ಕೆ ಎರಡು ಉಪಯೋಗವಿದೆ. ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ಗುರು ಬರೆದ ಅಕ್ಷರದ ಮೇಲೆ ಮಗು ಕೈಯಾಡಿಸುವುದೂ ತಿದ್ದುವುದೇ. 'ಅಕ್ಷರ ತಿದ್ದಿಸಿದ ಗುರು' ಎನ್ನುವಾಗ ತಿದ್ದುವವನು ಮಗು, ಗುರು ತಿದ್ದಲು ಒಂದು ಗೆರೆ ಹಾಕಿಕೊಟ್ಟವನು. ಉರ್ದುವಿನಲ್ಲಿ ಶಾಗಿರ್ದನ ಕವಿತೆಯನ್ನು ಉಸ್ತಾದ್ ತಿದ್ದುವುದಕ್ಕೆ 'ಇಸ್ಲಾಹ್' ಎನ್ನುತ್ತಾರೆ. ಜಗಳವಾಡಿದವರು ರಾಜಿಯಾಗುವ 'ಸುಲಹ್' ಕೂಡ ಅದೇ ಅರಬಿ ಧಾತುವಿನಿಂದ ಬಂದದ್ದು. ಇಸ್ಲಾಹ್ ಎಂದರೆ ಕೆಟ್ಟದ್ದನ್ನು ಒಳ್ಳೆಯದಾಗಿಸುವುದು, ಮುರಿದದ್ದನ್ನು ಕೂಡಿಸುವುದು. ಇನ್ನೊಂದು ಜೋಡಿ ನೋಡಿ: 'ನಸೀಹತ್' ಮತ್ತು 'ಫಜೀಹತ್'. ಮೊದಲನೆಯದು ಹಿತವಚನ, ಎರಡನೆಯದು ಮಾನ ಕಳೆಯುವುದು. ಉರ್ದು ಲಿಪಿಯಲ್ಲಿ ಬರೆದರೆ ಮೊದಲಕ್ಷರ ಬಿಟ್ಟು ಇವೆರಡರ ನಡುವೆ ಇರುವುದು ಒಂದೇ ಒಂದು ಚುಕ್ಕೆ. 'ಸ್ವಾದ್' ಮೇಲೆ ಒಂದು ನುಕ್ತೆ ಬಿದ್ದರೆ ಅದು 'ಜ್ವಾದ್' ಆಗುತ್ತದೆ. ಹಿತ ಹೇಳಲು ಹೋಗಿ ಮಾನ ಕಳೆಯುವುದಕ್ಕೆ ಒಂದು ಚುಕ್ಕೆ ಹೆಚ್ಚಾದರೆ ಸಾಕು.

ಇಸ್ಲಾಹ್ ಪರಂಪರೆಯಲ್ಲಿ ನಾವು ಕಲಿಯಬೇಕಾದ್ದು ಬಹಳ ಇದೆ. ಮಿರ್ಜಾ ಗಾಲಿಬ್ ದಿಲ್ಲಿಯಲ್ಲಿ ಕುಳಿತು ದೂರದ ಶಾಗಿರ್ದರ ಗಜಲ್‌ಗಳನ್ನು ಅಂಚೆಯಲ್ಲಿ ತರಿಸಿಕೊಂಡು ತಿದ್ದಿ ಮರಳಿ ಕಳಿಸುತ್ತಿದ್ದರು. ಅವರ ಪ್ರೀತಿಯ ಶಾಗಿರ್ದರಲ್ಲಿ ಹರಗೋಪಾಲ್ ತಫ್ತಾ ಒಬ್ಬರು. ಅವರಿಗೆ ಬರೆದ ಪತ್ರಗಳಲ್ಲಿ ಗಾಲಿಬ್ ಪದ ಬದಲಿಸಿ ಸುಮ್ಮನಾಗುವುದಿಲ್ಲ, ಏಕೆ ಬದಲಿಸಿದೆ ಎಂಬ ಕಾರಣ ಹೇಳುತ್ತಾರೆ, ವಾದಿಸುತ್ತಾರೆ, ತಮಾಷೆ ಮಾಡುತ್ತಾರೆ, ತಮ್ಮ ಕಷ್ಟವನ್ನೂ ತೋಡಿಕೊಳ್ಳುತ್ತಾರೆ. ಗಾಲಿಬ್ ತೀರಿಕೊಂಡ 1869ರ ಸುಮಾರಿಗೆ ಪುಸ್ತಕರೂಪದಲ್ಲಿ ಬಂದ ಆ ಪತ್ರಗಳನ್ನು ಇವತ್ತು ಉರ್ದು ಗದ್ಯದ ಆಸ್ತಿ ಎಂದು ಓದುತ್ತೇವೆ. ಒಬ್ಬನ ಕವಿತೆ ತಿದ್ದುವ ಕೆಲಸದೊಳಗಿಂದ ಇನ್ನೊಂದು ಸಾಹಿತ್ಯವೇ ಹುಟ್ಟಿತು.

ನಮ್ಮ ಭಾಗ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತಲ್ಲ, ಆ ಹೈದರಾಬಾದಿನಲ್ಲಿ ಆರನೇ ನಿಜಾಮರ ಉಸ್ತಾದರಾಗಿದ್ದವರು ದಾಗ್ ದೆಹಲ್ವಿ. ಪಂಜಾಬಿನಿಂದ ಒಬ್ಬ ತರುಣ ಅವರಿಗೆ ಅಂಚೆಯಲ್ಲಿ ಗಜಲ್ ಕಳಿಸುತ್ತಿದ್ದ. ಹೆಸರು ಮುಹಮ್ಮದ್ ಇಕ್ಬಾಲ್. ಕೆಲವು ಕಾಲ ತಿದ್ದಿದ ಮೇಲೆ ದಾಗ್, ಇನ್ನು ಇದರಲ್ಲಿ ತಿದ್ದುವಂಥದ್ದು ಹೆಚ್ಚೇನೂ ಉಳಿದಿಲ್ಲ ಎಂದು ತಿಳಿಸಿದರಂತೆ. 1905ರಲ್ಲಿ ದಾಗ್ ತೀರಿಕೊಂಡಾಗ ಇಕ್ಬಾಲ್ ಅವರ ಮೇಲೆ ಶೋಕಗೀತೆ ಬರೆದರು. ಇಕ್ಬಾಲರ ದಾರಿ ದಾಗ್ ಅವರ ದಾರಿಯಾಗಿರಲಿಲ್ಲ. ಆದರೂ ಆ ಋಣ ಉಳಿಯಿತು. ತಿದ್ದುವುದನ್ನು ಎಲ್ಲಿ ನಿಲ್ಲಿಸಬೇಕೆಂಬುದು ದೊಡ್ಡ ಉಸ್ತಾದರಿಗೆ ಗೊತ್ತಿತ್ತು. ಗೊತ್ತಿಲ್ಲದವರೂ ಇದ್ದರು. ಶಾಗಿರ್ದನ ಶೇರ್ ತಿದ್ದಿ ತಿದ್ದಿ ಕೊನೆಗೆ ಅದು ಶಾಗಿರ್ದನದೇ ಅಲ್ಲ ಎನ್ನುವ ಹಾಗೆ ಮಾಡಿದವರೂ ಉಂಟು. ಅಂಥ ಶಾಗಿರ್ದನಿಗೆ ಮುಶಾಯಿರಾದಲ್ಲಿ ಚಪ್ಪಾಳೆ ಸಿಗುತ್ತದೆ, ಮನೆಗೆ ಹೋಗಿ ಒಂಟಿಯಾಗಿ ಕುಳಿತಾಗ ಒಂದು ಸಾಲೂ ಬರುವುದಿಲ್ಲ.

ಇದು ಉರ್ದುವಿನ ಮಾತು ಮಾತ್ರ ಎಂದು ಯಾರೂ ತಿಳಿಯಬಾರದು. ಕನ್ನಡದಲ್ಲಿ ದೊರೆತಿರುವ ಮೊಟ್ಟಮೊದಲ ಗ್ರಂಥ ಒಂಬತ್ತನೇ ಶತಮಾನದ 'ಕವಿರಾಜಮಾರ್ಗ'. ಅದು ಹುಟ್ಟಿದ್ದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದಲ್ಲಿ, ಅಂದರೆ ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ. ಕನ್ನಡಿಗರು ಓದದೆಯೂ ಕಾವ್ಯ ಬಲ್ಲವರೆಂದು ಅದರಲ್ಲಿ ಹೊಗಳಿದ್ದನ್ನು ಸಭೆ ಸಮಾರಂಭಗಳಲ್ಲಿ ಎಲ್ಲರೂ ನೆನೆಯುತ್ತಾರೆ. ಆದರೆ ಆ ಗ್ರಂಥದ ಮೊದಲ ಪರಿಚ್ಛೇದ ಇರುವುದು ಕಾವ್ಯದ ದೋಷಗಳ ಬಗ್ಗೆ. ಅಲ್ಲಿ ಶ್ರೀವಿಜಯ ದೋಷವಿರುವ ಪದ್ಯ ಕೊಟ್ಟು, ಅದನ್ನೇ ಹೀಗೆ ಹೇಳಿದರೆ ಸರಿಯಾಗುತ್ತದೆ ಎಂದು ತಿದ್ದಿದ ರೂಪವನ್ನೂ ಕೊಡುತ್ತಾನೆ. ನಮ್ಮ ಸಾಹಿತ್ಯದ ಬಾಗಿಲಲ್ಲೇ ಒಬ್ಬ ತಿದ್ದುವವನು ಕುಳಿತಿದ್ದಾನೆ. ಅವನ ಪಕ್ಕದಲ್ಲಿ ತಪ್ಪೂ ಇದೆ, ಒಪ್ಪೂ ಇದೆ.

ಹಾಗಾದರೆ ಮೆತ್ತಗೆ ಮಾತಾಡಿದರೆ ಎಲ್ಲ ಸರಿಹೋಗುತ್ತದೆಯೇ ಎಂದು ಯಾರಾದರೂ ಕೇಳಬಹುದು. ನಾನು ಒಪ್ಪುವುದಿಲ್ಲ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಒಬ್ಬ ವಿದ್ಯಾರ್ಥಿ ತನ್ನ ಇಂಗ್ಲಿಷ್ ಕವಿತೆಗಳನ್ನು ತೋರಿಸಿದ. ಆ ವೇಳೆಗಾಗಲೇ ಅವನ ಇಂಗ್ಲಿಷ್ ಕವಿತೆಗಳ ಒಂದು ಪುಟ್ಟ ಪುಸ್ತಕ ಅಚ್ಚಾಗಿತ್ತು. ಅವನು ಹೊಗಳಿಕೆಯ ನಿರೀಕ್ಷೆಯಲ್ಲಿದ್ದ. ಕಸಿನ್ಸ್ ಓದಿ, ನಿನ್ನ ಮಾತೃಭಾಷೆಯಲ್ಲಿ ಏನಾದರೂ ಬರೆದಿದ್ದೀಯಾ ಎಂದು ಕೇಳಿದರು. ಹೊಸ ಕಾವ್ಯ ಹೊರುವ ಶಕ್ತಿ ಕನ್ನಡಕ್ಕಿಲ್ಲ ಎಂಬ ಅರ್ಥದಲ್ಲಿ ಹುಡುಗ ವಾದಿಸಿದ. ಅವರು ಒಪ್ಪದೆ ರವೀಂದ್ರರ ಉದಾಹರಣೆ ಕೊಟ್ಟರು. ಆ ಹುಡುಗನೇ ಕುವೆಂಪು. ಕಸಿನ್ಸ್ ಅಂದು ಸೌಜನ್ಯಕ್ಕೆ 'ಬಹಳ ಚೆನ್ನಾಗಿದೆ' ಎಂದು ಬೆನ್ನು ತಟ್ಟಿ ಕಳಿಸಬಹುದಿತ್ತು. ಹಾಗೆ ಮಾಡಿದ್ದರೆ ಅದು ಕುವೆಂಪು ಅವರಿಗೂ ಕನ್ನಡಕ್ಕೂ ಅನ್ಯಾಯವಾಗುತ್ತಿತ್ತು. ಸುಳ್ಳು ಹೊಗಳಿಕೆ ಕೂಡ ಒಂದು ತಿರಸ್ಕಾರವೇ. ನಿನ್ನಿಂದ ಇಷ್ಟೇ ಆಗುವುದು ಎಂದು ಒಳಗೇ ತೀರ್ಮಾನಿಸಿಕೊಂಡವನು ಮಾತ್ರ ಎಲ್ಲದಕ್ಕೂ 'ವಾಹ್ ವಾಹ್' ಎನ್ನುತ್ತಾನೆ. ಕಸಿನ್ಸ್ ಕಠಿಣವಾದದ್ದನ್ನೇ ಹೇಳಿದರು, ಆದರೆ ಹುಡುಗನ ಶಕ್ತಿಯನ್ನು ಅಲ್ಲಗಳೆಯಲಿಲ್ಲ, ಅದು ಹರಿಯಬೇಕಾದ ದಿಕ್ಕು ತೋರಿಸಿದರು. ನಾನು ಗುಳೆಯ ಹುಡುಗನಿಗೆ ಮಾಡಿದ್ದು ಇದಕ್ಕೆ ತೀರಾ ಉಲ್ಟಾ. ಅವನು ತನ್ನ ಅವ್ವನ ಮಾತಿನಲ್ಲೇ ಬರೆದಿದ್ದ. ನಾನು ಅದಕ್ಕೆ ಸುತ್ತು ಹಾಕಿ ಗೈಡಿನ ಭಾಷೆಗೆ ಓಡಿಸಿದೆ.

ಈಚಿನ ಶಿಕ್ಷಣತಜ್ಞರು ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ. ರೂತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಬರೀ ಅಂಕ ಕೊಟ್ಟರು, ಕೆಲವರಿಗೆ ಬರೀ ಷರಾ ಬರೆದರು, ಇನ್ನು ಕೆಲವರಿಗೆ ಎರಡನ್ನೂ ಕೊಟ್ಟರು. ಮುಂದೆ ಹೋದವರು ಬರೀ ಷರಾ ಪಡೆದ ಮಕ್ಕಳು. ಅಂಕ ಮತ್ತು ಷರಾ ಎರಡೂ ಸಿಕ್ಕವರು ಬರೀ ಅಂಕ ಸಿಕ್ಕವರಂತೆಯೇ ಹಿಂದುಳಿದರು. ಅಂಕ ಕಂಡ ಮಗುವಿಗೆ ಷರಾ ಕಾಣುವುದಿಲ್ಲ. 1996ರಲ್ಲಿ ಕ್ಲೂಗರ್ ಮತ್ತು ಡಿನಿಸಿ ಎಂಬವರು ಇಂಥ ನೂರಾರು ಪ್ರಯೋಗಗಳ ಫಲವನ್ನು ಒಟ್ಟುಗೂಡಿಸಿ ನೋಡಿದಾಗ, ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ತಿದ್ದುವ ಮಾತಿನಿಂದ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಮಾತು ಕೆಲಸದಿಂದ ಸರಿದು ಮನುಷ್ಯನ ಮೇಲೆ ಹೋದಷ್ಟೂ ಅದರ ಉಪಯೋಗ ಕಡಿಮೆ ಎಂದು ಅವರ ಅಭಿಪ್ರಾಯ. 'ಅಲಿಫ್ ಒಂದು ನುಕ್ತೆ ಉದ್ದ' ಎಂಬುದು ಕೆಲಸದ ಮಾತು. 'ಗಮನವಿಲ್ಲ' ಎಂಬುದು ಮನುಷ್ಯನ ಮೇಲಿನ ಮಾತು.

ನಮ್ಮ ಉಸ್ತಾದರಿಗೆ ಈ ಅಧ್ಯಯನಗಳು ಗೊತ್ತಿರಲಿಲ್ಲ. ಆದರೆ ರುಕ್ಕಾ ಬರೆಸಲು ಬಂದ ಗಿರಾಕಿ "ಯಾಕೋ ಚಂದ ಬಂದಿಲ್ಲ ಸಾಬ್" ಎಂದರೆ ಅವರು ಸಿಟ್ಟಾಗುತ್ತಿರಲಿಲ್ಲ. ಕಾಗದವನ್ನು ಅವನ ಕೈಗೆ ಕೊಟ್ಟು, "ನಿಮ್ಮ ಮನಿ ಹಿರ್ಯಾರು ಇದನ್ನ ಕಂದೀಲಿನ ಬೆಳಕಿನ್ಯಾಗ ಓದ್ತಾರಂತ ತಿಳಕೊಂಡು ಓದ್ರಿ. ಎಲ್ಲಿ ತಡವರಿಸ್ತದ ಹೇಳ್ರಿ" ಎನ್ನುತ್ತಿದ್ದರು. ಅವನು ಓದುತ್ತ ಓದುತ್ತ ಮದುವೆಯ ತಾರೀಖಿನ ಹತ್ತಿರ ನಿಲ್ಲುತ್ತಿದ್ದ. ಅಲ್ಲಿ ಅಕ್ಷರ ಸಣ್ಣದಾಗಿರುತ್ತಿತ್ತು. 'ಚಂದ ಬಂದಿಲ್ಲ' ಎಂಬ ಮಾತಿನೊಳಗೆ ಅಡಗಿದ್ದ ನಿಜವಾದ ದೂರು ಹೀಗೆ ಹೊರಬೀಳುತ್ತಿತ್ತು. ತಿದ್ದಿಸಿಕೊಳ್ಳುವವನಿಗೂ ಒಂದು ಹುನರ್ ಬೇಕು. ಹೇಳುವವನಿಗೆ ಹೇಳಲು ಬರದಿದ್ದರೆ, ಕೇಳುವವನಾದರೂ ಸರಿಯಾದ ಪ್ರಶ್ನೆ ಹಾಕಬೇಕು.

ಹೋದ ವರ್ಷ ನಮ್ಮ ಮನೆಯ ಕಂಪೌಂಡ್ ಗೋಡೆ ಕಟ್ಟಿಸುವಾಗ ಇನ್ನೊಂದು ಪಾಠವಾಯಿತು. ಗೌಂಡಿ ಎರಡು ವರಸೆ ಇಟ್ಟಿಗೆ ಇಟ್ಟು ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟ, ಒಂದು ಕಣ್ಣು ಮುಚ್ಚಿ ನೋಡಿದ, ಎರಡು ಇಟ್ಟಿಗೆ ಕಿತ್ತು ಮತ್ತೆ ಕೂರಿಸಿದ. ಮತ್ತೆ ಎರಡು ವರಸೆ, ಮತ್ತೆ ಗುಂಡು. "ಪೂರಾ ಆದ ಮ್ಯಾಲೆ ಒಮ್ಮೆ ನೋಡಿದ್ರ ಸಾಲದೇನು?" ಎಂದೆ. ಅವನು ನಕ್ಕ. "ಪೂರಾ ಆದ ಮ್ಯಾಲೆ ನೋಡಿ ಏನ್ ಮಾಡೋದು ಸರ್? ಬಾಗ್ಯದ ಅಂತ ಹೇಳಬಹುದು, ಅಷ್ಟ."

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಯಾದಗಿರಿ ಜಿಲ್ಲೆ ಶೇ. 50.59 ಪಡೆದು ರಾಜ್ಯಕ್ಕೇ ಕೊನೆಯದಾಯಿತು. ಪತ್ರಿಕೆಗಳು ಬರೆದವು, ಸಭೆಗಳಾದವು. ನನಗೆ ಗೌಂಡಿಯ ಮಾತು ನೆನಪಾಗುತ್ತಿತ್ತು. ಹತ್ತು ವರ್ಷ ಕಟ್ಟಿದ ಗೋಡೆಗೆ ಕೊನೆಯ ದಿನ ಗುಂಡು ಇಳಿಬಿಟ್ಟು 'ಬಾಗಿದೆ' ಎಂದು ಸಾರುವುದರಿಂದ ಗೋಡೆಗೇನು ಲಾಭ? ಎರಡನೇ ವರಸೆಯಲ್ಲಿ ನೋಡಬೇಕಾದವರು ನಾವು, ಮಾಸ್ತರರು. ದಾರಿ ಇಲ್ಲವೆಂದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ 'ನಲಿ ಕಲಿ' ಪದ್ಧತಿಯಲ್ಲಿ ಮಗು ಒಂದು ಕಲಿಕಾ ಏಣಿಯನ್ನು ತನ್ನದೇ ವೇಗದಲ್ಲಿ ಹತ್ತುತ್ತದೆ. ತಾನು ಯಾವ ಮೆಟ್ಟಿಲಲ್ಲಿದ್ದೇನೆ, ಮುಂದಿನದು ಯಾವುದು ಎಂಬುದು ಮಗುವಿಗೇ ಕಾಣುತ್ತದೆ. ಶಿಕ್ಷಣ ಹಕ್ಕು ಕಾಯ್ದೆ 2010ರಲ್ಲಿ ಜಾರಿಗೆ ಬಂದಾಗ ಅದರಲ್ಲಿದ್ದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಉದ್ದೇಶವೂ ಇದೇ ಆಗಿತ್ತು. ನಾವು ಅದನ್ನು ನಮೂನೆ ತುಂಬುವ ಕೆಲಸ ಮಾಡಿಕೊಂಡೆವು. ನಾನೂ ತುಂಬಿದ್ದೇನೆ. ಸಂಜೆ ಕುಳಿತು ಅರವತ್ತು ಮಕ್ಕಳ ಹೆಸರಿನ ಮುಂದೆ ಒಂದೇ ಷರಾ ಬರೆದಿದ್ದೇನೆ. ಒಂದು ಕೋಣೆಯಲ್ಲಿ ಅರವತ್ತು ಮಕ್ಕಳಿದ್ದಾಗ ಪ್ರತಿಯೊಬ್ಬರ ತಖ್ತಿಗೂ ಮೂರು ನುಕ್ತೆ ಇಡುವುದು ಕಷ್ಟ ಎಂಬುದು ಸುಳ್ಳಲ್ಲ. ಆದರೆ ದಿನಕ್ಕೆ ನಾಲ್ಕು ತಖ್ತಿಗೆ ಇಡಬಹುದು. ಹದಿನೈದು ದಿನಕ್ಕೆ ಅರವತ್ತಾಗುತ್ತದೆ.

ಇನ್ನು ತಿದ್ದಿಸಿಕೊಳ್ಳುವವನ ಕಷ್ಟ. ನಾನು ಬರೆದ ಒಂದು ಕಥೆಯಲ್ಲಿ ತಲಾಖ್ ಪಡೆದು ತವರಿಗೆ ಬಂದ ಹೆಂಗಸೊಬ್ಬಳಿದ್ದಳು. ಅದು ಅಚ್ಚಾದಾಗ ನಮ್ಮ ಮೊಹಲ್ಲಾದ ಹಿರಿಯರೊಬ್ಬರು, "ನಮ್ಮ ಮನಿ ಮಾತು ಬಜಾರಿಗೆ ಯಾಕ ತಂದಿ?" ಎಂದು ಗದರಿಸಿದರು. ಹೊರಗಿನ ಗೆಳೆಯರು ಕಥೆ ಓದಿ, ಬಹಳ ಧೈರ್ಯದ ಕಥೆ ಎಂದು ಹೊಗಳಿದರು. ಒಬ್ಬರು ಕಥೆಯನ್ನು ಓದದೆ ಬೈದರು, ಇನ್ನೊಬ್ಬರು ಕಥೆಯನ್ನು ನೋಡದೆ ನನ್ನನ್ನು ಹೊಗಳಿದರು. ಎರಡರಿಂದಲೂ ಕಥೆಗೆ ಏನೂ ಆಗಲಿಲ್ಲ. ಕೊನೆಗೆ ಓದು ಬಾರದ ನನ್ನ ಖಾಲಾಗೆ ಅದನ್ನು ಓದಿ ಹೇಳಿದೆ. ಅವರು ಅಕ್ಕಿ ಆರಿಸುತ್ತ ಕೇಳಿ ಅಂದರು: "ವೋ ರೋತಿಚ್ ಬೈಠಿ ಸೋ ಹೈ ರೇ. ಫಿರ್ ಕಾಮ್ ಕಬ್ ಕರ್ತಿ?" ಅವಳು ಅಳುತ್ತಲೇ ಕುಳಿತಿದ್ದಾಳಲ್ಲೋ, ಮತ್ತೆ ಕೆಲಸ ಯಾವಾಗ ಮಾಡುತ್ತಾಳೆ? ಎರಡು ದಿನ ನನಗೆ ಸಿಟ್ಟಿತ್ತು. ಮೂರನೇ ದಿನ ಕಥೆ ತೆಗೆದು ನೋಡಿದೆ. ನಿಜ. ತವರಿಗೆ ಬಂದ ಹೆಂಗಸು ನೀರು ತುಂಬುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ಅತ್ತಿಗೆಯ ಮಕ್ಕಳ ಬಟ್ಟೆ ಒಗೆಯುತ್ತಾಳೆ. ಅಳಲು ಅವಳಿಗೆ ಪುರುಸೊತ್ತು ಎಲ್ಲಿದೆ? ನಾನು ಅವಳ ಕಣ್ಣು ನೋಡಿದ್ದೆ, ಕೈ ನೋಡಿರಲಿಲ್ಲ. ಸಂಕಲನಕ್ಕೆ ಸೇರಿಸುವಾಗ ಆ ಕಥೆಯನ್ನು ಮೊದಲಿನಿಂದ ಬರೆದೆ. ಅಂದಿನಿಂದ ತಿದ್ದುವ ಮಾತು ಯಾರಿಂದ ಬಂತು ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಆ ಮಾತು ಕೆಲಸವನ್ನು ಮುಟ್ಟುತ್ತದೆಯೇ ಎಂದು ಮಾತ್ರ ನೋಡುತ್ತೇನೆ.

ಅಬೂ ದಾವೂದರ ಸಂಗ್ರಹದ ಒಂದು ಹದೀಸಿನಲ್ಲಿ ವಿಶ್ವಾಸಿಯನ್ನು ಇನ್ನೊಬ್ಬ ವಿಶ್ವಾಸಿಯ ಕನ್ನಡಿಗೆ ಹೋಲಿಸಲಾಗಿದೆ. ಕನ್ನಡಿ ಮುಖದ ಕಲೆಯನ್ನು ಇದ್ದಷ್ಟೇ ತೋರಿಸುತ್ತದೆ. ಎದುರು ನಿಂತವನಿಗೆ ತೋರಿಸುತ್ತದೆ, ಓಣಿಗೆಲ್ಲ ಸಾರುವುದಿಲ್ಲ. ಅವನು ಸರಿದು ಹೋದ ಮೇಲೆ ಆ ಕಲೆಯನ್ನು ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ. ನಮ್ಮ ಕಡೆ ಮೊಹರಂನಲ್ಲಿ ಅಲಾಯಿ ಕುಣಿಯುವ ಹಿಂದೂ ಮುಸ್ಲಿಮರಿಬ್ಬರಿಗೂ ಹಸನ್ ಹುಸೇನರ ಹೆಸರು ಮನೆಮಾತು. ಅವರ ಬಾಲ್ಯದ ಒಂದು ಕಥೆ ಹೇಳುತ್ತಾರೆ. ಒಬ್ಬ ಮುದುಕ ತಪ್ಪಾಗಿ ವುಜೂ ಮಾಡುತ್ತಿದ್ದ. ಹುಡುಗರಿಬ್ಬರೂ ಅವನ ಮುಂದೆ ಹೋಗಿ, 'ನಮ್ಮಿಬ್ಬರಲ್ಲಿ ಯಾರ ವುಜೂ ಸರಿ, ನೀವೇ ಹೇಳಿ' ಎಂದು ಕೇಳಿ ಮಾಡಿ ತೋರಿಸಿದರು. ಮುದುಕ ನೋಡಿ, 'ಮಕ್ಕಳೇ, ನಿಮ್ಮಿಬ್ಬರದೂ ಸರಿ, ತಪ್ಪು ನನ್ನದೇ' ಎಂದ. ಮುದುಕನನ್ನು ನ್ಯಾಯಾಧೀಶನ ಜಾಗದಲ್ಲಿ ಕೂರಿಸಿ ತಿದ್ದಿದ ಈ ಕಥೆ ನನಗೆ ಬಿಎಡ್ ತರಗತಿಯಲ್ಲಿ ಸಿಗಲಿಲ್ಲ, ನನ್ನ ಅಜ್ಜಿಯಿಂದ ಸಿಕ್ಕಿತು.

ನನ್ನ ಮೊದಲ ಪ್ರಶ್ನೆಗೆ ಹಿಂತಿರುಗುತ್ತೇನೆ. ತಪ್ಪು ತೋರಿಸುವ ಅಧಿಕಾರ ವಯಸ್ಸಿನಿಂದಲೂ ಬರುವುದಿಲ್ಲ, ಪದವಿಯಿಂದಲೂ ಬರುವುದಿಲ್ಲ. ಒಬ್ಬ ಮನುಷ್ಯ ತನ್ನ ಅರೆಬರೆ ಕೆಲಸವನ್ನು ನಮ್ಮ ಕೈಗೆ ಕೊಟ್ಟಾಗ ಅದು ಅಮಾನತ್ ಆಗುತ್ತದೆ. ನಂಬಿ ಇಟ್ಟ ವಸ್ತು. ಅದನ್ನು ಮೊದಲು ನೋಡುವುದು ಕರ್ತವ್ಯ, ತಪ್ಪು ಹೇಳುವುದು ಆಮೇಲಿನದು. ಹೇಳಿದ ಮೇಲೆ ಅಳತೆ ತೋರಿಸಬೇಕು, ಎರಡನೇ ಸಲ ಬರೆದು ತಂದಾಗ ನಾವು ಅಲ್ಲಿರಬೇಕು. 'ತಪ್ಪು' ಎಂದು ಹೇಳಿ ಎದ್ದು ಹೋಗುವವನು ತೀರ್ಪು ಕೊಟ್ಟ ಹಾಗಾಯಿತು, ತಿದ್ದಿದ ಹಾಗಾಗಲಿಲ್ಲ. ತಿದ್ದುವವನು ಸಾಲಗಾರ.

ಈಗ ನಾನು ಪ್ರಬಂಧ ನೋಡುವಾಗ ಮೊದಲ ಸಲ ಪೆನ್ನಿನ ಟೋಪಿ ತೆಗೆಯದೆ ಓದುತ್ತೇನೆ. ಓದಿ ಮುಗಿಸಿದ ಮೇಲೆ ನನಗೆ ಕಂಡ ಒಂದು ಸಂಗತಿಯನ್ನು ಮೇಲೆ ಬರೆಯುತ್ತೇನೆ. ಆಮೇಲೆ ತಿದ್ದಬೇಕಾದ್ದು ಒಂದು ಅಥವಾ ಎರಡು, ಹೆಚ್ಚೆಂದರೆ ಮೂರು. ಉಳಿದದ್ದು ಮುಂದಿನ ವಾರಕ್ಕೆ. ಊರಿನ ಮಾತಿನಲ್ಲಿ ಬರೆದ ಸಾಲಿಗೆ ಸುತ್ತು ಹಾಕುವುದಿಲ್ಲ. ಪಕ್ಕದಲ್ಲಿ ಪುಸ್ತಕದ ಮಾತನ್ನೂ ಬರೆದು, ಪರೀಕ್ಷೆಯಲ್ಲಿ ಇದು, ಕಥೆಯಲ್ಲಿ ಅದು ಎಂದು ಹೇಳುತ್ತೇನೆ. ಇದರಿಂದ ಫಲಿತಾಂಶ ಏರಿತೇ ಎಂದು ಕೇಳಿದರೆ, ಸ್ವಲ್ಪ. ಮಕ್ಕಳು ಮಾತ್ರ ನೋಟ್‌ಬುಕ್ ಮುಚ್ಚಿಕೊಂಡು ಬರುವುದನ್ನು ಬಿಟ್ಟಿದ್ದಾರೆ.

ಆ ಹುಡುಗನಿಗೆ ಈಗ ಮೂವತ್ತು ಸಮೀಪಿಸಿರಬೇಕು. ಬೆಂಗಳೂರಿಗೆ ಹೋದಾಗಲೆಲ್ಲ ಹೊಸ ಕಟ್ಟಡಗಳ ಬಾಗಿಲಿಲ್ಲದ ಅಂತಸ್ತುಗಳಲ್ಲಿ ಒಣಹಾಕಿದ ಬಟ್ಟೆ ಕಂಡರೆ ನನ್ನ ಕಣ್ಣು ಅಲ್ಲಿ ನಿಲ್ಲುತ್ತದೆ. ಎಂದಾದರೂ ಸಿಕ್ಕರೆ ಅವನಿಗೆ ಒಂದೇ ಮಾತು ಹೇಳುವುದಿದೆ. ಓದೀನಪ್ಪಾ, ನೀ ಬರ್ದದ್ದು.